ಗೊಣಗುವ ಕೈ

ಬೆಳಗಿನಿಂದ ನನಗೂ ಒಂದು ಕಪ್ಪು ಪಟ್ಟಿಗೂ ಜಗಳ. ವಿದ್ಯುತ್ ಹರಿಯುವ ಪ್ಲಾಸ್ಟಿಕ್ ಅದು, ಉಗುರಿನಷ್ಟು ಅಗಲ. ನಮ್ಮ ಪ್ರಯೋಗಾಲಯದಲ್ಲಿ ಅದನ್ನು ಉಪ್ಪುನೀರಿಗೆ ಇಳಿಬಿಟ್ಟು ಕರೆಂಟ್ ಕೊಟ್ಟರೆ, ಒಳಗೇ ರಾಸಾಯನಿಕ ಕ್ರಿಯೆ ನಡೆದು, ಬೆರಳಿನ ಹಾಗೆ ಬಾಗುತ್ತದೆ. ಬಾಗಿ ಸುಮ್ಮನಿದ್ದರೆ ನನ್ನ ತಕರಾರಿರಲಿಲ್ಲ. ಕರೆಂಟ್ ಅಷ್ಟೇ ಕೊಟ್ಟರೂ, ನೀರು ತಣ್ಣಗಾದರೆ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಭಾರ ಕಟ್ಟಿದರೆ ಇನ್ನಷ್ಟು. ಬಾಗಿಸುವ ತಂತಿಯಲ್ಲೇ ಪಟ್ಟಿಯ ದೂರೂ ವಾಪಸ್ ಬರುತ್ತದೆ. ಯಾರೋ ಫ್ಯಾನ್ ಹಾಕಿದ್ದಕ್ಕೆ ಇವತ್ತಿನ ಅಳತೆಯೆಲ್ಲ ಏರುಪೇರು.

"ಮಾಡೋ ಕೆಲ್ಸ ಬಾಯ್ಮುಚ್ಕೊಂಡ್ ಮಾಡಕ್ಕಾಗಲ್ವಾ ನಿಂಗೆ?" ಎಂದು ಪಟ್ಟಿಗೆ ಬೈದೆ. ಬೈದ ಮೇಲೆ ನೆನಪಾಯಿತು, ಆ ಮಾತು ನಮ್ಮ ದೊಡ್ಡಪ್ಪನದು. ಬೈಸಿಕೊಳ್ಳುತ್ತಿದ್ದವರು ದೊಡ್ಡಮ್ಮ.

ಓದಲೆಂದು ಚಾಮರಾಜಪೇಟೆಯ ಅವರ ಮನೆಯಲ್ಲಿದ್ದಷ್ಟು ವರ್ಷವೂ ದೊಡ್ಡಮ್ಮ ನನ್ನ ತಲೆ ತಿಂದಿದ್ದಾರೆ. ಬಟ್ಟೆ ಹಿಂಡುತ್ತಾ "ಅಯ್ಯಪ್ಪಾ, ನೀರೋ ಐಸೋ!" ಬೇಳೆ ತೊಳೆಯುತ್ತಾ "ತರಗುಪೇಟೆ ಅಂಗಡೀಲಿ ಹಳೇದು ಕೊಟ್ಟವ್ರೆ ಕಣೇ, ಬೇಯಲ್ಲ ಇದು." ಕೈ ಆಡಿದರೆ ಬಾಯಿಯೂ ಆಡಲೇಬೇಕು. ಪಕ್ಕದಲ್ಲಿ ಕೂತು ಪರೀಕ್ಷೆಗೆ ಓದುವವಳ ಪಾಡು ನೀವೇ ಊಹಿಸಿ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ವ್ಯಾಯಾಮ ಮಾಡಿಸಿ ಮಾಡಿಸಿ ಬಲಗೈ ಆಡುವಂತಾಯಿತು, ಆದರೆ ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ ಒಂದೂ ಆ ಕೈಗೆ ತಿಳಿಯುತ್ತಿರಲಿಲ್ಲ. ಬಿಸಿ ಕಾವಲಿಗೆ ತಗುಲಿ ಸುಟ್ಟಿದ್ದೂ ಅವರಿಗೆ ಗೊತ್ತಾಗದ್ದರಿಂದ, ಒಲೆಯ ಹತ್ತಿರ ಬಿಡುವುದನ್ನೇ ನಿಲ್ಲಿಸಿದೆವು. ಚಪಾತಿ ಹಿಟ್ಟು ಮುಂದಿಟ್ಟರೆ ಆ ಕೈಯಲ್ಲೇ ನಾದುತ್ತಿದ್ದರು. ಮಾತಿಲ್ಲ, ಗೊಣಗಾಟವಿಲ್ಲ. ಬೇಕುಬೇಕೆಂದು ಹಂಬಲಿಸಿದ್ದ ಆ ನಿಶ್ಶಬ್ದ ನನಗೆ ಸಹಿಸಲೇ ಆಗಲಿಲ್ಲ.

ದೊಡ್ಡಪ್ಪ ಹಿಟ್ಟು ಕಲಸುವ ಕೆಲಸ ವಹಿಸಿಕೊಂಡರು. ಒಂದು ದಿನ ನೀರುನೀರು, ಮರುದಿನ ಕಲ್ಲು.

"ಹೆಂಗೈತೆ?" ಅನ್ನುವರು.

"ಐತೆ," ಅನ್ನುವರು ದೊಡ್ಡಮ್ಮ.

ಹಲ್ಲಿಗೆ ಬಗ್ಗದ ಚಪಾತಿ ತಿಂದು ತಿಂದು ನನಗೆ ರೇಗಿತು. "ಅಳತೆ ನೋಡಿ ನೀರು ಹಾಕಕ್ಕಾಗಲ್ವಾ ದೊಡ್ಡಪ್ಪ?" ಎಂದೆ. "ನೀನ್ ಸುಮ್ನಿರು, ಬೇಕಂತಲೇ ಕೆಡಿಸ್ತಿರೋದು," ಎಂದು ಮೆಲ್ಲಗೆ ಗದರಿದರು.

ಒಂದು ಬೆಳಿಗ್ಗೆ ದೊಡ್ಡಮ್ಮ ಕಿಟಕಿಯಾಚೆ ಹೂವಿನವಳನ್ನು ನೋಡುತ್ತಾ ನಾದುತ್ತಿದ್ದರು. ಕೈ ಇದ್ದಕ್ಕಿದ್ದಂತೆ ನಿಂತಿತು.

"ಏನ್ರೀ ಇದು, ಇಷ್ಟ್ ಗಟ್ಟಿ! ಇಷ್ಟ್ ವರ್ಷ ಆಯ್ತು, ಒಂದ್ ಹಿಟ್ ಕಲಸಕ್ ಬರಲ್ವಾ ನಿಮ್ಗೆ?"

"ಬರಲ್ಲ ಕಣೇ," ಎಂದರು ದೊಡ್ಡಪ್ಪ. "ಬೈಯಿ. ಇನ್ನೊಂದ್ಸಲ ಬೈಯಿ."

ಪಟ್ಟಿಯ ಈ ಏರುಪೇರನ್ನೆಲ್ಲ ಲೆಕ್ಕದಿಂದ ತೆಗೆದುಹಾಕಬೇಕೆಂದು ಬೆಳಗಿನಿಂದ ಒದ್ದಾಡುತ್ತಿದ್ದೆ. ಈಗ ಫ್ಯಾನ್ ಆರಿಸಿದ್ದಾರೆ, ಅಂಕಿ ಅಲ್ಲಾಡದೆ ನಿಂತಿದೆ. ನನಗೆ ಬೇಕಾಗಿದ್ದು ಇದೇ. ಆದರೂ ಎದ್ದು ಹೋಗಿ ನಾನೇ ಫ್ಯಾನ್ ಹಾಕಿ ಬಂದೆ, ಪಟ್ಟಿ ಗೊಣಗುವುದನ್ನೇ ಕಾಯುತ್ತ ಕೂತೆ.