ಡೀಸೆಲ್ ರುಚಿ ನೋಡುವ ಗವಿಸಿದ್ದಪ್ಪ

ಕುರುಗೋಡಿನ ಬಸ್ ನಿಲ್ದಾಣದ ಹಿಂದೆ ಪಂಪ್‌ಸೆಟ್ ರಿಪೇರಿ ಮಾಡುವ ಗವಿಸಿದ್ದಪ್ಪನ ಕೈಗಿಂತ ನಾಲಿಗೆಗೇ ಹೆಸರು ಹೆಚ್ಚು. ಡೀಸೆಲ್‌ನಲ್ಲಿ ಬೆರಳದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ, ಥೂ ಎಂದು ಉಗಿದು, ಸೀಮೆಎಣ್ಣೆ ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಕರೂರು, ತೆಕ್ಕಲಕೋಟೆಯ ರೈತರೂ ಕ್ಯಾನ್ ಹೊತ್ತು ಬರುತ್ತಿದ್ದರು.

ಹೋದ ವರ್ಷದ ಜ್ವರದಲ್ಲಿ ಆ ನಾಲಿಗೆಯೇ ಅವನಿಗೆ ಕೈಕೊಟ್ಟಿತು. ಜೊತೆಗೆ ಮೂಗೂ ಹೋಯಿತು. ಯಾರಿಗೂ ಹೇಳಲಿಲ್ಲ. ಆದರೆ ಹೆಂಡತಿ ಕೊಟ್ರಮ್ಮ ಒಂದು ದಿನ ಸಾರಿಗೆ ಉಪ್ಪು ಮರೆತಳು. ಅವನು ಎರಡು ಸಲ ಹಾಕಿಸಿಕೊಂಡು ಭೇಷ್ ಅಂದ. ಮರುದಿನ ಬೇಕೆಂದೇ ಮರೆತಳು, ಮತ್ತೆ ಭೇಷ್. ಆಮೇಲೆ ಏನೂ ಕೇಳದೆ, ದಿನಾ ಮಜ್ಜಿಗೆ ಚೊಂಬು ಹಿಡಿದು ಅಂಗಡಿಗೆ ಬರತೊಡಗಿದಳು. ಕ್ಯಾನಿನ ಮೇಲೆ ಬಗ್ಗಿದಂತೆ ಮಾಡಿ ಮೂಸುವಳು. ಇಬ್ಬರೂ ಸನ್ನೆ ಗೊತ್ತು ಮಾಡಿಕೊಂಡಿದ್ದರು: ಸೀಮೆಎಣ್ಣೆಯಾದರೆ ತಲೆಗೆ ಸೆರಗು, ಶುದ್ಧವಾಗಿದ್ದರೆ ಚೊಂಬು ನೆಲಕ್ಕೆ. ಗಂಡನ ಕೆಲಸದಲ್ಲಿ ಮೂಗು ತೂರಿಸುವ ಹೆಂಗಸು ಎಂದು ಜನ ಆಡಿಕೊಂಡರು. ಅದು ಅಕ್ಷರಶಃ ನಿಜವೆಂದು ಗೊತ್ತಿದ್ದವರು ಇಬ್ಬರೇ.

ಹೀಗಿರುವಾಗ ಬಂದವಳು ಹೇಮಾ, ಬಳ್ಳಾರಿಯ ಕಾಲೇಜೊಂದರ ಉಪನ್ಯಾಸಕಿ. ತೊಟ್ಟಿಗಳಲ್ಲಿ ಪಾಚಿ ಬೆಳೆಸಿ, ಒಣಗಿಸಿ, ಅದರ ಎಣ್ಣೆಯಿಂದ ಪಂಪ್‌ಸೆಟ್ಟಿಗೆ ಇಂಧನ ಮಾಡಿದ್ದಳು. ಇಂಜಿನ್ ಒಪ್ಪಿತ್ತು, ಸಿರುಗುಪ್ಪದ ರೈತರು ಒಪ್ಪಿರಲಿಲ್ಲ. ಪಾಚಿ ನಂಬಿ ಜಾರಿಬಿದ್ದವರೇ ಹೆಚ್ಚು ಎಂಬುದು ಅವರ ವಾದ.

"ಗವಿಸಿದ್ದಪ್ಪನ ನಾಲಿಗಿ ಒಪ್ಪಿದ್ರ ನಾವೂ ಒಪ್ತೀವಿ ನೋಡ್ರಿ ಮೇಡಂ" ಎಂದು ಪಟ್ಟು ಹಿಡಿದರು.

ಕಾಲೇಜಿನ ಅಂಗಳದಲ್ಲಿ ಒಂದೇ ಬಣ್ಣದ ಮೂರು ಬಾಟಲಿ ಇಟ್ಟರು: ಒಂದು ಡೀಸೆಲ್, ಒಂದು ಕಲಬೆರಕೆ, ಒಂದು ಪಾಚಿಯದು. ಸುತ್ತ ನಲವತ್ತು ರೈತರು. ತಪ್ಪಿದರೆ ಮೂವತ್ತು ವರ್ಷದ ಹೆಸರು ಅಲ್ಲೇ ಸೋರಿಹೋಗುತ್ತಿತ್ತು. ಗವಿಸಿದ್ದಪ್ಪ ಮೊದಲ ಬಾಟಲಿಗೆ ಬೆರಳದ್ದಿ ನೆಕ್ಕಿದ. ನೀರು ನೆಕ್ಕಿದಂತಾಯಿತು. ಬಾಯಿ ತೊಳೆಸುವ ನೆಪದಲ್ಲಿ ಕೊಟ್ರಮ್ಮ ಚೊಂಬು ತಂದು ಬಗ್ಗಿದಳು. ಸೆರಗು ಏರಲಿಲ್ಲ, ಚೊಂಬು ಇಳಿಯಲಿಲ್ಲ. ಪಾಚಿಗೆ ಸನ್ನೆಯನ್ನೇ ಅವರು ಗೊತ್ತು ಮಾಡಿಕೊಂಡಿರಲಿಲ್ಲ. ಇದು ಪಾಚಿಯದೋ, ಅವಳ ಮೂಗಿಗೇ ತಿಳಿಯಲಿಲ್ಲವೋ ಎಂದು ಅವನು ಗೊಂದಲಕ್ಕೆ ಬಿದ್ದ.

"ಏನ್ರೀ, ನಮ್ಮ ಕಾಲುವ್ಯಾಗ ನೀರು ನಿಂತು ಹಸರುಗಟ್ಟಿ ಎಷ್ಟು ದಿನಾ ಆತು?" ಎಂದಳು ಕೊಟ್ರಮ್ಮ.

ಹೊತ್ತುಗೊತ್ತಿಲ್ಲದ ಮಾತಿಗೆ ರೈತರು ನಕ್ಕರು. ಗವಿಸಿದ್ದಪ್ಪ ನಗಲಿಲ್ಲ, ಥೂ ಎಂದು ಗತ್ತಿನಿಂದ ಉಗಿದ.

"ಇದು ಪಾಚೀದು. ಕಲಬೆರಕಿ ಇಲ್ಲ, ಧೈರ್ಯಲೆ ಹಾಕ್ರಿ."

ಉಳಿದೆರಡಕ್ಕೆ ಸೆರಗು, ಚೊಂಬು ಸಾಕಾದವು.

ಊಟದ ಹೊತ್ತಿಗೆ ಎಡವಟ್ಟಾಯಿತು. ಅಡಿಗೆಯವರು ಸಾರಿಗೆ ಉಪ್ಪೇ ಹಾಕಿರಲಿಲ್ಲ. ಎಲ್ಲರೂ ಮುಖ ಹಿಂಡಿದರೆ, ಗವಿಸಿದ್ದಪ್ಪ ಮತ್ತೊಂದು ಸೌಟು ಹಾಕಿಸಿಕೊಂಡು ಉಪ್ಪು ಖಾರ ಹದವಾಗಿದೆಯೆಂದು ಹೊಗಳಿದ. ಹೇಮಾ ಅವನನ್ನು ನೋಡಿದಳು, ಆಮೇಲೆ ಕೊಟ್ರಮ್ಮನನ್ನು. ಕೊಟ್ರಮ್ಮ ಚೊಂಬಿನೊಳಗೆ ನೋಡಿದಳು.

ವಾರದ ನಂತರ ಕಾಲೇಜಿನಿಂದ ಕಾಗದ ಬಂತು. ಮುಂದಿನ ಪರೀಕ್ಷೆಗೆ ಶ್ರೀಮತಿ ಕೊಟ್ರಮ್ಮನವರು ಬರಬೇಕು, ಯಜಮಾನರನ್ನೂ ಕರೆತರಬಹುದು ಎಂದಿತ್ತು. ಗವಿಸಿದ್ದಪ್ಪ ಎರಡು ಸಲ ಓದಿದ.

"ಲೇ ಕೊಟ್ರಿ, ನಿನ್ನ ಮೂಗಿಗೆ ಕಾಗದ ಬಂದೈತಿ."

"ಹಂಗಾರ ಚೊಂಬು ನೀವು ಹಿಡೀರಿ" ಎಂದಳು ಅವಳು.

ಬಳ್ಳಾರಿ ಬಸ್ಸಿನಲ್ಲಿ ಕೊಟ್ರಮ್ಮ ಕಿಟಕಿ ಪಕ್ಕ ಕೂತಳು. ಮಜ್ಜಿಗೆ ತುಳುಕದಂತೆ ಗವಿಸಿದ್ದಪ್ಪ ಎರಡೂ ಕೈಯಲ್ಲಿ ಚೊಂಬು ಹಿಡಿದಿದ್ದ.