ಮಾವ ನೋಡದ ಗೋಲು

ನಮ್ಮ ಮಾವನ ನಡುಬೆರಳಿನ ತುದಿ ಸದಾ ಶಾಯಿ ಹತ್ತಿ ನೀಲಿಯಾಗಿರುತ್ತಿತ್ತು. ಮಾವ ಎಂದರೆ ನನ್ನ ಹೆಂಡತಿಯ ತಂದೆ. ಮೈಸೂರಿನಲ್ಲಿ ರೈಲ್ವೆ ಕೆಲಸ ಹೊಟ್ಟೆಪಾಡಿಗೆ, ಭಾನುವಾರದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುವುದು ಪ್ರಾಣ. ಕಣ್ಣಾರೆ ಕಾಣದ ಒಂದು ರನ್ನನ್ನೂ ಬರೆದವರಲ್ಲ. ಬೀಗರೂಟದಲ್ಲೂ ಯಾರ ಎಲೆಗೆ ಎಷ್ಟು ಹೋಳಿಗೆ ಬಿತ್ತೆಂದು ಬರೆದಿಟ್ಟಾರು ಎಂದು ಅತ್ತೆ ರೇಗಿಸುತ್ತಿದ್ದರು.

ಮಾವ ಒಮ್ಮೆ ಮೂರು ತಿಂಗಳಿಗೆಂದು ಐರ್ಲೆಂಡಿನ ವಾಟರ್‌ಫರ್ಡ್‌ನ ನಮ್ಮ ಮನೆಗೆ ಬಂದರು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಆಗ ಹತ್ತು ವರ್ಷ. ತಾತ ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಲ್ಲಿನವರ ಇಂಗ್ಲಿಷಿನಲ್ಲಿ "ಐಮ್ ಗ್ರ್ಯಾಂಡ್, ತಾತಾ", ಚೆನ್ನಾಗಿದ್ದೀನಿ ಅಂತ, ಅಷ್ಟೆ. ಮಾವ ಒಳಗೊಳಗೇ ನೊಂದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಡಬ್ಲಿನ್ನಿನ ದೊಡ್ಡ ಸ್ಟೇಡಿಯಮ್ಮಿನಲ್ಲಿ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಹರ್ಲಿಂಗ್ ಪಂದ್ಯ ಬಂತು. ಪುಟ್ಟ ಚೆಂಡನ್ನು ಕೋಲಿನಿಂದ ಗಾಳಿಯಲ್ಲೇ ಬಾರಿಸುವ ಆಟ. ನಡುವಿನ ವಿರಾಮದಲ್ಲಿ ಅದೇ ಮೈದಾನದಲ್ಲಿ ಶಾಲೆಯ ಮಕ್ಕಳನ್ನು ಆಡಿಸುವುದು ಇಲ್ಲಿನ ವಾಡಿಕೆ. ಮಗಳು ಆಯ್ಕೆಯಾದಳು! ಮಾವ ವಾಪಸಿನ ಟಿಕೆಟ್ಟನ್ನೇ ಮುಂದೂಡಿದರು. "ಅವಳು ಅಲ್ಲಿ ಆಡೋದನ್ನ ನೋಡ್ದೆ ನಾನು ವಿಮಾನ ಹತ್ತಲ್ಲ," ಎಂದರು.

ಅಬ್ಬಾ, ಅದೆಂಥ ಜನ! ಎರಡೂ ಕಡೆಯವರು ಒಟ್ಟೊಟ್ಟಿಗೆ ಕೂತು ಕಿರುಚುತ್ತಿದ್ದರು. ನನಗೂ ಮೈ ಜುಮ್ಮೆಂದಿತು. ಬೋರ್ಡಿನಲ್ಲಿ '1-08' ಕಂಡು ಮಾವ ಹೌಹಾರಿದರು.

"ಅಳಿಯಂದ್ರೇ, ಎಂಟಕ್ಕೇ ಒಂದು ವಿಕೆಟ್ ಹೋಯ್ತಾ?"

ಒಂದು ಗೋಲು, ಎಂಟು ಪಾಯಿಂಟು, ಗೋಲಿಗೆ ಮೂರರ ಬೆಲೆ ಎಂದು ವಿವರಿಸುವಷ್ಟರಲ್ಲಿ ವಿರಾಮವಾಗಿ ಮಕ್ಕಳು ಓಡಿ ಬಂದರು. ಎಲ್ಲರ ಮುಖಕ್ಕೂ ಜಾಲರಿಯ ಹೆಲ್ಮೆಟ್.

"ಯಾವ್ದು ನಮ್ದು?"

ನಾನು ದೊಡ್ಡ ಪಂಡಿತನ ಹಾಗೆ ಹತ್ತಿರದ ಗೋಲಿನ ಬಳಿಯಿದ್ದ ಹುಡುಗಿಯನ್ನು ತೋರಿಸಿದೆ. ಮಾವ ಎದ್ದು ನಿಂತು "ಬಿಡ್ಬೇಡ ಪುಟ್ಟೀ, ಬಾರ್ಸು!" ಎಂದು ಕೂಗಿದ ರಭಸಕ್ಕೆ ಮುಂದಿನ ಸಾಲಿನ ಐರಿಷರೂ "ಪುಟ್ಟೀ, ಪುಟ್ಟೀ" ಎಂದು ಶುರುಮಾಡಿದರು. ಆ ಹುಡುಗಿ ಏನೂ ಬಾರಿಸಲಿಲ್ಲ. ಆಚೆ ತುದಿಯಲ್ಲಿ ಯಾರೋ ಗೋಲು ಹೊಡೆದರು, ನಾವು ತಿರುಗುವಷ್ಟರಲ್ಲಿ ಮುಗಿದಿತ್ತು.

ಹೊಡೆದವಳು ನಮ್ಮವಳೇ. ಮಕ್ಕಳ ಆಟ ಮುಗಿದದ್ದೇ ಮೆಟ್ಟಿಲು ಹಾರಿಕೊಂಡು ಬಂದು, "ತಾತಾ, ಡಿಡ್ ಯು ಸೀ ಮೈ ಗೋಲ್?" ಎಂದಳು. ಹೂಂ ಅಂದುಬಿಡಿ ಎಂದು ನಾನು ಕಣ್ಸನ್ನೆ ಮಾಡಿದೆ. ಮಾವ ನನ್ನತ್ತ ತಿರುಗಲೂ ಇಲ್ಲ.

"ಇಲ್ಲ ಕಣೇ. ನಿಮ್ಮಪ್ಪ ಬೇರೆ ಹುಡುಗೀನ ತೋರ್ಸಿದ್ರು, ನಾನು ಅವಳಿಗೇ ಕೂಗ್ತಾ ಇದ್ದೆ. ತಪ್ಪಾಯ್ತು."

ಅವಳ ಮುಖ ಬಾಡಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ಪಕ್ಕದ ಸೀಟು ತಟ್ಟಿ, "ಬಾ, ನೀನೇ ಹೇಳು. ಮೊದಲಿಂದ. ನಿನ್ನ ಇಂಗ್ಲಿಷ್ ನಂಗೆ ಹಿಡಿಯೋಕಾಗಲ್ಲ, ಕನ್ನಡದಲ್ಲಿ ಹೇಳು," ಎಂದರು.

ಅವಳು ತಡವರಿಸಿದಳು. "ಬಾಲ್... ಬಂತು. ಉದ್ದ ಹುಡುಗಿ ತಳ್ಳಿದ್ಳು. ನಾನು ಬೀಳ್ಲಿಲ್ಲ, ತಾತಾ!" ಆಮೇಲೆ ನಿಲ್ಲಲೇ ಇಲ್ಲ. ನಮ್ಮ ಕೌಂಟಿ ಗೆದ್ದಿತೋ ಸೋತಿತೋ ಅವರಿಬ್ಬರಿಗೂ ಗೊತ್ತಿಲ್ಲ.

ಮಾವ ಮೈಸೂರಿಗೆ ಮರಳಿದ ಮೇಲೂ ಪ್ರತಿ ಶನಿವಾರ ಅವಳು ಫೋನಿನಲ್ಲಿ ತನ್ನ ಆಟವನ್ನು ಒಪ್ಪಿಸುತ್ತಿದ್ದಳು, ಕನ್ನಡದಲ್ಲೇ. ಅವರು ಅಂದು ನನ್ನ ಸನ್ನೆಗೆ ಮಣಿದು ಸುಳ್ಳು ಹೇಳಿದ್ದರೆ ಆ ಕನ್ನಡ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ.

ಮರುವರ್ಷ ಮಾವ ತೀರಿಕೊಂಡರು. ಸುದ್ದಿ ಬಂದ ದಿನ ಮಗಳು ನನ್ನನ್ನು ತಬ್ಬಿ ಅಳುತ್ತ ಕೇಳಿದಳು: "ಅಪ್ಪಾ, ಇನ್ಮೇಲೆ ಯಾರಿಗೆ ಹೇಳ್ಲಿ?"