ಪೂಜೆ ಮುಗಿಯುವ ತನಕ ಕೂತ ಬಾಯಾರು

ರೊಟ್ಟಿ ಬಡಿಯುತ್ತಿದ್ದೆ, ಫೋನು ಬಂತು. ನಾವು ಗೌರವದಿಂದ ಬಾಯಾರು ಎಂದು ಕರೆಯುತ್ತಿದ್ದ ಡಾಕ್ಟರಮ್ಮ ತೀರಿಕೊಂಡರೆಂದು ಅವರ ವಿದ್ಯಾರ್ಥಿನಿ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಪಡಸಾಲೆಯಲ್ಲಿ ಅತ್ತೆ ಆಗಷ್ಟೇ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಸಿಕೊಂಡು ಊಟಕ್ಕೆ ಕುಳಿತಿದ್ದರು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಆ ಹೊತ್ತು ತುತ್ತು ಮುಟ್ಟುವವರಲ್ಲ. ಸೂಜಿಯ ಮೇಲೆ ಉಣ್ಣದಿದ್ದರೆ ಜೀವಕ್ಕೇ ಕುತ್ತು. ಹೇಳಲೂ ಆಗದೆ, ತಡೆಯಲೂ ಆಗದೆ ಒಳಗೆ ಹೊರಗೆ ತಿರುಗಿದೆ.

ಮಡಚಲಾಗದ ಎಡಗಾಲನ್ನು ಉದ್ದಕ್ಕೆ ಚಾಚಿ ಕೂರುತ್ತಿದ್ದರು ಬಾಯಾರು. ಓದಿನಿಂದ ಡಾಕ್ಟರು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯಕೀಯ, ಸಾಹಿತ್ಯ, ಜನರ ನಡೆನುಡಿ ಎಲ್ಲವನ್ನೂ ಕೂಡಿಸಿ ಕಲಿಸುವ ಪೀಠವೊಂದಕ್ಕೆ ಪ್ರಾಧ್ಯಾಪಕರು. ಶಿಗ್ಗಾವಿಯಿಂದ ಬಸ್ಸು ಹಿಡಿದು ನಮ್ಮ ಹಿರೇಬೆಂಡಿಗೇರಿಗೆ ಬಂದು, ಜನ ತಮ್ಮ ನೋವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆಂದು ಕೇಳುತ್ತಿದ್ದರು.

"ಪೀಠ ಅಂತೀರಿ, ಸ್ವಾಮಿಗೋಳು ಯಾರ್ರಿ?" ಅತ್ತೆ ಕೆಣಕಿದ್ದರು.

"ಸ್ವಾಮಿಗೋಳಿಲ್ಲ ಅವ್ವಾ. ಕುರ್ಚಿ ಒಂದೈತಿ, ಅದೂ ಅಲಗಾಡತೈತಿ."

ಆಗೆಲ್ಲ ಅತ್ತೆ ಪೂಜೆಯ ನಡುವೆ ಬವಳಿ ಬಂದು ಬೀಳುತ್ತಿದ್ದರು. ಮಡಿ ಕೆಡಬಾರದೆಂದು ಸ್ನಾನಕ್ಕೆ ಮೊದಲೇ ಸೂಜಿ. ಆಮೇಲೆ ಲಿಂಗಪೂಜೆ ಮುಗಿಯುವವರೆಗೆ ಹನಿ ನೀರೂ ಇಲ್ಲ. ಆಸ್ಪತ್ರೆಯ ಡಾಕ್ಟರು ಪೂಜೆ ಬಿಡು ಎಂದು ಗದರಿದರು. ಅತ್ತೆ ಸೂಜಿಯನ್ನೇ ಬಿಡುತ್ತೇನೆಂದು ಹಟ ಹಿಡಿದರು. ನಾನು ಯಾರ ಕಾಲು ಹಿಡಿಯಲಿ?

ಬಾಯಾರಿಗೆ ಹೇಳಿಕೊಂಡೆ. ಮರುದಿನ ಮೊದಲ ಬಸ್ಸಿಗೇ ಬಂದರು. ಪೂಜೆ ಮುಗಿಯುವ ತನಕ ಸುಮ್ಮನೆ ಕೂತರು. ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ಆಮೇಲೆ ಕೇಳಿದರು:

"ಪೂಜಿ ಬಿಡಬ್ಯಾಡ್ರಿ ಅವ್ವಾ. ಪೂಜಿ ಮುಗಿಸಿ ಪಾದೋದಕ ತಗೊಂಡ ಮ್ಯಾಲೆ ಸೂಜಿ ಮಾಡಿಸ್ಕೊಂಡು ಉಂಡ್ರ ನಿಮ್ಮ ಶಿವ ಬ್ಯಾಡಂತಾನೇನು?"

ಅತ್ತೆ ಯೋಚಿಸಿದರು. "ಪಾದೋದಕ ಆತಂದ್ರ ಅಡ್ಡಿ ಇಲ್ಲ ಬಿಡ್ರಿ. ಇಷ್ಟನ್ನ ಆ ಡಾಕ್ಟರ್ ಯಾಕ ಕೇಳಲಿಲ್ಲ?"

"ಕೇಳೋದು ಕಲಿಸಾಕಂತನ ನನಗ ಆ ಕುರ್ಚಿ ಕೊಟ್ಟಾರ!"

ಬಾಯಾರೇ ಆಸ್ಪತ್ರೆಯವರೊಡನೆ ಮಾತಾಡಿ ಸೂಜಿಯ ಹೊತ್ತನ್ನು ಬದಲಿಸಿದರು. ಅಂದಿನಿಂದ ಅತ್ತೆ ಪೂಜೆಯಲ್ಲಿ ಬಿದ್ದಿಲ್ಲ. ಶಿವ ಕೊಟ್ಟದ್ದನ್ನೆಲ್ಲ ಸಂಜೆ ದೀಪ ಹಚ್ಚುವಾಗ ನೆನೆಯುತ್ತೇನೆ. ಅದರಲ್ಲಿ ಇದೂ ಒಂದು.

ಸೀದ ರೊಟ್ಟಿಯನ್ನು ಬದಿಗಿಟ್ಟು, ಬೇರೆ ಬಿಸಿ ರೊಟ್ಟಿ ಬಡಿಸಲು ಹೋದೆ. ರೊಟ್ಟಿಯನ್ನು ತಟ್ಟೆಯ ಹೊರಗೆ ಹಾಕಿದೆ.

"ಯಾಕ ಹಂಗ ಮಾಡಾಕತ್ತಿ?"

"ಏನಿಲ್ಲ, ಉಣ್ರಿ ನೀವು."

ಒಂದೊಂದು ತುತ್ತನ್ನೂ ನೋಡುತ್ತ ನಿಂತೆ. ಅವರು ಕೈ ತೊಳೆದ ಮೇಲೆ ಸುದ್ದಿ ಹೇಳಿದೆ.

"ಉಣ್ಣೂಕಿಂತ ಮೊದಲ ಹೇಳಬಾರದಾಗಿತ್ತೇನ, ಹುಚ್ಚಿ?"

"ಹೇಳಿದ್ರ ಬಾಯಾರು ನನ್ನ ಬೈತಿದ್ರು, ಅತ್ತಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಟ್ಟೆಗೆ ಅನ್ನ ಹೋಗಿತ್ತು, ಶಿವ ಅಷ್ಟು ಕಾಯ್ದ. ನನಗಂತೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಓಣಿಯ ನಳಕ್ಕೆ ನೀರು ಬಂದಿತ್ತು. ಕೊಡ ತೆಗೆದುಕೊಂಡು ಹೊರಟೆ.